ಒಂಬತ್ತು ಸೆಂಟ್ ಆಚೆ, ಒಂಬತ್ತು ಸೆಂಟ್ ಈಚೆ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಹಗಲು ಹೊತ್ತು ಮೈಕ್ ಹಚ್ಚಿದರೆ ದಂಡ. ಒಂದು ಕಡೆ ಹೊಸ ಕಟ್ಟಡಕ್ಕಾಗಿ ಬಂಡೆ ಒಡೆಯುವ ಸದ್ದು, ಇನ್ನೊಂದು ಕಡೆ ಔಟರ್ ರಿಂಗ್ ರೋಡಿನ ಲಾರಿಗಳ ಗುಂಯ್. ಹಾಗಾಗಿ ನನ್ನ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಹಗಲೆಲ್ಲ ಮಿಕ್ಸಿಂಗ್, ರಾತ್ರಿ ಹನ್ನೊಂದರ ಮೇಲೆ ರೆಕಾರ್ಡಿಂಗ್. ಬರುವವರಲ್ಲಿ ಅರ್ಧ ತೆಲುಗು ಹುಡುಗರು. ಉಳಿದವರು ನಮ್ಮ ಕಡೆಯವರು: ಬೀದರ್, ಕಲಬುರಗಿ, ರಾಯಚೂರಿನಿಂದ ಐಟಿ ಕೆಲಸಕ್ಕೆ ಬಂದು ಇಲ್ಲೇ ಮನೆ ಮಾಡಿದವರು, ಮತ್ತು ಅವರ ಮಾತು ಕೇಳಿ ತತ್ವಪದವನ್ನೋ ದಾಸರ ಪದವನ್ನೋ ಹಾಡಲು ಬಸ್ ಹತ್ತಿ ಬರುವ ಹಿರಿಯರು. 1956ರ ತನಕ ಆ ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ಈ ದಾರಿ ಅವರಿಗೆ ಹೊಸದಲ್ಲ.

ಎಲ್ಲರದೂ ಕೊನೆಗೆ ಒಂದೇ ಬೇಡಿಕೆ. "ಅಣ್ಣಾ, ದನಿ ಛಲೋ ಬಂದದ, ಆದ್ರ ತೆಳ್ಳಗ ಅನಸ್ತದ. ಒಂದೀಟು ದಪ್ಪ ಮಾಡ್ರಿ." ಈ 'ಒಂದೀಟು ದಪ್ಪ'ಕ್ಕೆ ನಾನು ಹೆಚ್ಚಾಗಿ ಬಳಸುವುದು ಪಿಚ್ ಶಿಫ್ಟರ್, ಅಂದರೆ ದನಿಯ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಎಫೆಕ್ಟ್. ಕೆಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ನಾನು ಕಲಿತ ಕ್ರಮ, ಮಹತ್ವದ ಕ್ರಮವಲ್ಲ.

1. ಅದೇ ದನಿಯನ್ನು ಎರಡು ಸಲ ಇಟ್ಟರೆ ದಪ್ಪವಾಗುವುದಿಲ್ಲ

ಮೊದಮೊದಲು ನಾನು ಮಾಡಿದ್ದು ಇದನ್ನೇ. ಹಾಡಿನ ಟ್ರ್ಯಾಕನ್ನು ಕಾಪಿ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿದೆ. ದನಿ ಅಲ್ಲಾಡದೆ ನಡುವಿನಲ್ಲೇ ನಿಂತಿತು. ಎರಡೂ ಕಿವಿಗೆ ಒಂದೇ ಬಂದರೆ ಮಿದುಳಿಗೆ ಅದು ಒಂದೇ, ಸ್ವಲ್ಪ ಜೋರು, ಅಷ್ಟೇ.

ನಮ್ಮ ತಂಬೂರಿಯವರಿಗೆ ಈ ಸಂಗತಿ ಮೊದಲಿನಿಂದಲೂ ಗೊತ್ತು. ನಡುವಿನ ಎರಡು ತಂತಿಗಳು, ಜೋಡು, ಎರಡೂ ಷಡ್ಜಕ್ಕೇ ಸೇರಿದವು. ಹೆಸರಿಗೆ ಒಂದೇ ಸ್ವರ. ಆದರೆ ಎರಡು ತಂತಿ ಎಂದಾದರೂ ಅಣುವಿನಷ್ಟೂ ಬಿಡದೆ ಕೂಡುತ್ತವೆಯೇ? ಆ ಅಣುವಿನ ಅಂತರದಲ್ಲೇ ನಾದ ಉಸಿರಾಡುತ್ತದೆ. ಕುದುರೆಯ ಮೇಲೆ ನೂಲು ಸರಿಸಿ ಜವಾರಿ ತೆಗೆಯುವುದು ಇನ್ನೊಂದು ಕಲೆ. (ನಮ್ಮೂರ ಕಡೆ ಜವಾರಿ ಅಂದರೆ ನಾಟಿ, ಜವಾರಿ ಟೊಮೆಟೊ, ಜವಾರಿ ಕೋಳಿ. ಎರಡು ಜವಾರಿಗೂ ಸಂಬಂಧವಿದೆಯೋ ಇಲ್ಲವೋ, ಎರಡರಲ್ಲೂ ರುಚಿಯಿದೆ.) ಇನ್ನು ದೊಡ್ಡ ಕಛೇರಿಯಲ್ಲಿ ಗಾಯಕರ ಹಿಂದೆ ಎಡಕ್ಕೊಂದು ಬಲಕ್ಕೊಂದು ತಂಬೂರಿ ಇರುತ್ತದೆ. ಸ್ಟೀರಿಯೊ ಎಂಬ ಪದ ಕೇಳದವರೂ ಅಗಲವನ್ನು ಹೀಗೆಯೇ ಕಟ್ಟುತ್ತಿದ್ದರು. ಪಿಚ್ ಶಿಫ್ಟರಿನಲ್ಲಿ ನಾನು ಮಾಡುವುದು ಆ ಎರಡು ತಂಬೂರಿಯ ಕೆಲಸವೇ.

2. ಶುರು ಮಾಡುವುದು ಒಂಬತ್ತರಿಂದ, ನಿಲ್ಲುವುದು ಕಿವಿಯಲ್ಲಿ

ಶ್ರುತಿಯ ಅಂತರವನ್ನು ಅಳೆಯುವುದು ಸೆಂಟಿನಲ್ಲಿ: ಅರ್ಧ ಸ್ವರಕ್ಕೆ 100 ಸೆಂಟ್, ಸ್ಥಾಯಿಗೆ 1,200. ಎಡಕ್ಕೆ 9 ಸೆಂಟ್ ಇಳಿಸಿ, ಬಲಕ್ಕೆ 9 ಸೆಂಟ್ ಏರಿಸಿ, ಎಡಕ್ಕೆ 15 ಮಿಲಿಸೆಕೆಂಡ್, ಬಲಕ್ಕೆ 20 ಮಿಲಿಸೆಕೆಂಡ್ ತಡ ಕೊಟ್ಟು, ಮೂಲ ದನಿಯನ್ನು ನಡುವೆ ಹಾಗೇ ಬಿಡುವುದು ನನ್ನ ಮೊದಲ ಸೆಟಿಂಗ್. ಇದು ನನ್ನ ಸಂಶೋಧನೆಯೇನಲ್ಲ. ಹೆಚ್ಚೂಕಡಿಮೆ ಇಂಥದೇ ಅಂಕಿಗಳು ದಶಕಗಳಿಂದ ಎಂಜಿನಿಯರುಗಳ ಬಾಯಲ್ಲಿವೆ.

ಈ 9 ಎಷ್ಟು ದೊಡ್ಡದು? ಹೆಣ್ಣುದನಿಯ ಕಪ್ಪು ನಾಲ್ಕರ ಷಡ್ಜ ಸುಮಾರು 208 ಹರ್ಟ್ಝ್. ಅದರಲ್ಲಿ 9 ಸೆಂಟ್ ಅಂದರೆ ಒಂದು ಹರ್ಟ್ಝ್‌ಗಿಂತ ತುಸು ಹೆಚ್ಚು. ಮೂಲದೊಂದಿಗೆ ಸೇರಿದಾಗ ಸೆಕೆಂಡಿಗೆ ಒಂದು ಸಲ ಅಲೆ ಏಳುತ್ತದೆ. ತಾರ ಷಡ್ಜಕ್ಕೆ ಹೋದರೆ ಎರಡು ಸಲ. ಅಂದರೆ ಸೆಂಟ್ ಒಂದೇ ಇದ್ದರೂ ಹಾಡು ಮೇಲೇರಿದಂತೆ ಅಲೆಯ ವೇಗವೂ ಏರುತ್ತದೆ. ಮಂದ್ರದಲ್ಲಿ ಹಿತವಾಗಿದ್ದದ್ದು ತಾರದಲ್ಲಿ ನಡುಗಿದಂತೆ ಕೇಳುವುದಕ್ಕೆ ಇದೇ ಕಾರಣ. ನಾನು ಹಾಡಿನ ಅತಿ ಎತ್ತರದ ಸಾಲನ್ನು ಲೂಪಿಗೆ ಹಾಕಿ ಅಲ್ಲಿ ಸೆಂಟ್ ನಿಗದಿ ಮಾಡುತ್ತೇನೆ. ಕೆಳಗಿನ ಸಾಲು ತಾನಾಗಿ ಸರಿಹೋಗುತ್ತದೆ.

ಇನ್ನೊಂದು ಅಳತೆಗೋಲು ನಮ್ಮ ಶಾಸ್ತ್ರದಲ್ಲೇ ಇದೆ. ಪ್ರಮಾಣ ಶ್ರುತಿ, 81ಕ್ಕೆ 80ರ ಅನುಪಾತ, ಸುಮಾರು 21.5 ಸೆಂಟ್. ಎಡಕ್ಕೂ ಬಲಕ್ಕೂ ನಡುವೆ ನನ್ನ ಅಂತರ 18 ಸೆಂಟ್. ಒಂದು ಶ್ರುತಿಯೊಳಗೇ ಇದೆ. ಅದನ್ನು ಹನ್ನೊಂದು-ಹನ್ನೊಂದಕ್ಕೆ ಒಯ್ದರೆ ಅಗಲ ಒಂದು ಶ್ರುತಿಯನ್ನು ದಾಟುತ್ತದೆ. ಸಿನಿಮಾ ಧಾಟಿಯ ಹಾಡಿಗೆ ಅದು ನಡೆದೀತು. ಆದರೆ ರಿಷಭ ಎಲ್ಲಿ ನಿಲ್ಲುತ್ತದೆ ಎಂಬುದೇ ಜೀವಾಳವಾದ ರಾಗಕ್ಕೆ ಹನ್ನೊಂದು ಹಾಕಿದರೆ ಗಾಯಕರು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡುತ್ತಾರೆ. ಅಂಥಲ್ಲಿ ನಾಲ್ಕೋ ಐದೋ ಸಾಕು.

3. ಏರಿಸಿದಷ್ಟೇ ಇಳಿಸಬೇಕು

ಒಮ್ಮೆ ಕೆಳಗಿನ ನಕಲು ಮಂಕಾಗಿದೆ ಎನ್ನಿಸಿ ಅದನ್ನು ಮ್ಯೂಟ್ ಮಾಡಿ, ಏರಿಸಿದ್ದನ್ನು ಮಾತ್ರ ಉಳಿಸಿಕೊಂಡೆ. ಹೊಳಪು ಬಂತು. ಮರುದಿನ ಹಾಡಿದವರ ತಂಗಿ ಕೇಳಿ, "ಅಕ್ಕ ಯಾಕ ಇಲ್ಲಿ ಏರಿ ಹಾಡ್ಯಾಳ?" ಎಂದಳು. ಹಾಡಿದವರು ಏರಿರಲಿಲ್ಲ, ನಾನು ಏರಿಸಿದ್ದೆ.

ಮೂಲದ ಆಚೀಚೆ ಸಮದೂರದಲ್ಲಿ ಸಮಬಲದ ಎರಡು ನಕಲು ಇದ್ದರೆ ಕಿವಿಗೆ ಶ್ರುತಿಯ ನಡುಬಿಂದು ಸರಿಯುವುದಿಲ್ಲ. ಲೆಕ್ಕದಲ್ಲೂ ಹಾಗೇ: ಮೇಲಿನದು, ಕೆಳಗಿನದು ಎರಡನ್ನೂ ಕೂಡಿಸಿದರೆ ಉಳಿಯುವುದು ಅದೇ ಮೂಲ ಸ್ವರ, ಅದರ ಬಲ ಮಾತ್ರ ಏರಿಳಿಯುತ್ತದೆ. ತಕ್ಕಡಿಯ ಒಂದು ತಟ್ಟೆ ತೆಗೆದರೆ ಮುಳ್ಳು ವಾಲುತ್ತದೆ. ಮಂಕು ನಿಜವಾಗಿಯೂ ತೊಂದರೆಯಾಗಿದ್ದರೆ ಅದಕ್ಕೆ ಈಕ್ಯೂ ಇದೆ.

4. ಡಬ್ಬಿಯೊಳಗೆ ಏನಾಗುತ್ತದೆ ಎಂದು ಒಂದು ಸಲ ತಿಳಿದುಕೊಳ್ಳಿ

ಹಳೆಯ ಕಾಲದ ಪಿಚ್ ಶಿಫ್ಟರಿನ ಒಳಗುಟ್ಟು ಇಷ್ಟು: ದನಿಯನ್ನು ಒಂದು ಪುಟ್ಟ ನೆನಪಿನಲ್ಲಿ ಬರೆಯುತ್ತಾ ಹೋಗುವುದು, ಬರೆಯುವ ವೇಗಕ್ಕಿಂತ ತುಸು ಬೇಗ ಓದಿದರೆ ಶ್ರುತಿ ಏರುತ್ತದೆ, ನಿಧಾನವಾಗಿ ಓದಿದರೆ ಇಳಿಯುತ್ತದೆ. ಬೇಗ ಓದುವವನು ಬರೆಯುವವನನ್ನು ಒಂದಿಲ್ಲೊಂದು ಕ್ಷಣ ಹಿಡಿದೇ ಹಿಡಿಯುತ್ತಾನೆ. ಆಗ ಹಿಂದಕ್ಕೆ ಹಾರಿ ಮತ್ತೆ ಓದಲು ಶುರು ಮಾಡಬೇಕು. ಆ ಹಾರುವ ಜಾಗದಲ್ಲಿ ಹೊಲಿಗೆ ಬೀಳುತ್ತದೆ.

9 ಸೆಂಟಿಗೆ ವೇಗದ ಅಂತರ ಸಾವಿರಕ್ಕೆ ಐದರಷ್ಟು. ಸೆಕೆಂಡಿಗೆ ಸುಮಾರು 5 ಮಿಲಿಸೆಕೆಂಡ್ ಸರಿಯುತ್ತದೆ. ನೆನಪು 20 ಮಿಲಿಸೆಕೆಂಡಿನದಾದರೆ ನಾಲ್ಕು ಸೆಕೆಂಡಿಗೆ ಹತ್ತಿರ ಒಂದು ಹೊಲಿಗೆ. ಅದೇ ಒಂದು ಸ್ಥಾಯಿ ಏರಿಸಿದರೆ ಸೆಕೆಂಡಿಗೆ 50 ಹೊಲಿಗೆ. ದನಿ ಕಂಬಳಿಯಂತೆ ಒರಟಾಗುತ್ತದೆ. ಕಡಿಮೆ ಸೆಂಟಿನಲ್ಲಿ ಈ ಎಫೆಕ್ಟ್ ಇಷ್ಟು ನಯವಾಗಿರುವುದಕ್ಕೆ ಇದೇ ಕಾರಣ. ಇನ್ನೊಂದು ಮಾತೂ ಇದರಿಂದ ಹೊರಡುತ್ತದೆ: ಗುಂಡಿಯ ಮೇಲೆ 15 ಮಿಲಿಸೆಕೆಂಡ್ ಎಂದು ಬರೆದಿದ್ದರೂ ಈ ಬಗೆಯ ಯಂತ್ರದಲ್ಲಿ ತಡ ಅಲ್ಲೇ ನಿಂತಿರುವುದಿಲ್ಲ, ಮೆಲ್ಲಗೆ ಜಾರುತ್ತಾ, ಹಾರುತ್ತಾ ಇರುತ್ತದೆ. ನಾನು ಒಂದು ವಾರ ಎಡಬಲದ ತಡವನ್ನು ಮಿಲಿಸೆಕೆಂಡಿನ ದಶಾಂಶದ ತನಕ ಹೊಂದಿಸಿ ಕೂತಿದ್ದೆ. ಆ ವಾರ ವ್ಯರ್ಥ.

ಮಾರುಕಟ್ಟೆಗೆ ಬಂದ ಮೊದಲ ಡಿಜಿಟಲ್ ಪಿಚ್ ಶಿಫ್ಟರ್ 1975ರ ಈವೆಂಟೈಡ್ ಎಚ್910 ಹಾರ್ಮೊನೈಜರ್, ಟೋನಿ ಆಗ್ನೆಲ್ಲೊ ಎಂಬ ಎಂಜಿನಿಯರ್ ರೂಪಿಸಿದ್ದು. ಅದನ್ನು ಮೊದಲು ಕೊಂಡವರು ಹಾಡಿನವರಲ್ಲ, ನ್ಯೂಯಾರ್ಕಿನ ಒಂದು ಟಿವಿ ಚಾನೆಲ್. 'ಐ ಲವ್ ಲೂಸಿ' ಧಾರಾವಾಹಿಯ ಮರುಪ್ರಸಾರದಲ್ಲಿ ಹೆಚ್ಚು ಜಾಹೀರಾತು ತುರುಕಲು ಅದನ್ನು ವೇಗವಾಗಿ ಓಡಿಸುತ್ತಿದ್ದರು. ಏರಿದ ದನಿಯನ್ನು ಮತ್ತೆ ಇಳಿಸಲು ಈ ಪೆಟ್ಟಿಗೆ ಬೇಕಾಗಿತ್ತು. ಆಮೇಲೆ ಟೋನಿ ವಿಸ್ಕಾಂಟಿ ಅದನ್ನು ಡೇವಿಡ್ ಬೋವಿಯ 1977ರ 'ಲೋ' ಆಲ್ಬಮ್ಮಿನ ಡ್ರಮ್‌ಗೆ ಹಚ್ಚಿದರು; ಪ್ರತಿ ಪೆಟ್ಟೂ ಬಿದ್ದ ಮೇಲೆ ಶ್ರುತಿ ಕೆಳಕ್ಕೆ ಜಾರುವ ಆ ಸದ್ದು ಎಷ್ಟೋ ಸ್ಟುಡಿಯೊಗಳ ನಿದ್ದೆಗೆಡಿಸಿತು. ಅಂಥ ಎರಡು ಪೆಟ್ಟಿಗೆಗಳನ್ನು ಜೋಡಿಸಿ, ಒಂದನ್ನು ತುಸು ಏರಿಸಿ ಒಂದನ್ನು ತುಸು ಇಳಿಸಿ ಎಡಬಲಕ್ಕೆ ಇಟ್ಟವರಿಂದ ನಮ್ಮ ಈ ವಿದ್ಯೆ ಬಂತು. 1980ರ ದಶಕದ ಉತ್ತರಾರ್ಧದ ಎಚ್3000 ಅದನ್ನು ಒಂದೇ ಪ್ರೀಸೆಟ್ಟಿಗೆ ಇಳಿಸಿತು. ಇವತ್ತು ಸೌಂಡ್‌ಟಾಯ್ಸ್‌ನವರ ಮೈಕ್ರೊಶಿಫ್ಟ್, ವೇವ್ಸ್‌ನವರ ಡಬ್ಲರ್, ಈವೆಂಟೈಡ್‌ನವರದೇ ಮೈಕ್ರೊಪಿಚ್ ಎಲ್ಲವೂ ಆ ವಂಶದವೇ. ಯಾವುದೂ ಇಲ್ಲದಿದ್ದರೆ ನಿಮ್ಮ ಸಾಫ್ಟ್‌ವೇರಿನ ಜೊತೆ ಬಂದ ಸಾದಾ ಪಿಚ್ ಶಿಫ್ಟರ್ ಎರಡು ಹಾಕಿಕೊಂಡರೆ ಮುಕ್ಕಾಲು ಕೆಲಸ ಆದಂತೆ.

5. ನಡುವಿನದನ್ನು ಮುಟ್ಟಬೇಡಿ

ಎಫೆಕ್ಟನ್ನು ದನಿಯ ಟ್ರ್ಯಾಕಿನ ಮೇಲೆಯೇ ಹಾಕಬೇಡಿ. ಬೇರೆ ಬಸ್, ಅಂದರೆ ಪ್ರತ್ಯೇಕ ವಾಹಿನಿ ಮಾಡಿ, ದನಿಯ ಒಂದು ಪಾಲನ್ನು ಸೆಂಡ್ ಮೂಲಕ ಅಲ್ಲಿಗೆ ಕಳಿಸಿ, ಅಲ್ಲಿ ಮೂಲ ಬೆರೆಯದಂತೆ ಪೂರ್ತಿ ವೆಟ್ ಇಡಿ. ಆಗ ಮೂಲ ದನಿ ಒಂದು ಫೇಡರಿನಲ್ಲಿ, ಅಗಲ ಇನ್ನೊಂದರಲ್ಲಿ. ನಕಲು ಮೂಲಕ್ಕಿಂತ 12ರಿಂದ 18 ಡಿಬಿ ಕೆಳಗೆ ಕೂತರೆ ಸಾಮಾನ್ಯವಾಗಿ ಚೆನ್ನ. ವ್ಯಂಜನಗಳೆಲ್ಲ ಮೂಲದಿಂದ ಬರಬೇಕು. ತತ್ವಪದದಲ್ಲಿ ಮಾತೇ ದೇವರು. ಕಡಕೋಳ ಮಡಿವಾಳಪ್ಪನವರ ಪದದಲ್ಲಿ ಒಂದು ಅಕ್ಷರ ಕಲಸಿದರೆ ಊರಿನ ಹತ್ತು ಮಂದಿ ಫೋನ್ ಮಾಡುತ್ತಾರೆ.

6. ಸೆಂಡಿಗೆ ಹೋಗುವ ದನಿಯನ್ನು ಸೋಸಿ

250 ಹರ್ಟ್ಝ್‌ಗಿಂತ ಕೆಳಗಿನದನ್ನು ಕತ್ತರಿಸಿ, 7-8 ಸಾವಿರದ ಮೇಲಿನದನ್ನೂ. 'ಸ'ಕಾರದ ಸಿಡಿತ ತಗ್ಗಿಸುವ ಡಿ-ಎಸ್ಸರ್ ಮೊದಲು, ಶಿಫ್ಟರ್ ಆಮೇಲೆ. ಇಲ್ಲದಿದ್ದರೆ ಒಂದು 'ಸ' ಮೂರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಿಡಿಯುತ್ತದೆ.

7. ಮೋನೋ ಎಂಬ ಜಾತ್ರೆ

ಈ ಪಾಠಕ್ಕೆ ನಾನು ತೆತ್ತ ಬೆಲೆ ದೊಡ್ಡದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಭಜನಾ ಮೇಳದ ಪದಗಳನ್ನು ಮಿಕ್ಸ್ ಮಾಡಿ ಕೊಟ್ಟಿದ್ದೆ. ಹಿಮ್ಮೇಳ ಎಷ್ಟು ಅಗಲ ಎಂದರೆ ಹೆಡ್‌ಫೋನಿನಲ್ಲಿ ಕಿವಿಯಾಚೆಯಿಂದ ಹಾಡಿದಂತೆ. ಆ ಅಗಲ ಬಂದದ್ದು ಪಿಚ್ ಶಿಫ್ಟರಿನಿಂದಲ್ಲ. ಯಾರೋ ಹೇಳಿಕೊಟ್ಟ ಅಡ್ಡದಾರಿಯಿಂದ. ಹಿಮ್ಮೇಳವನ್ನು ಕಾಪಿ ಮಾಡಿ, ಬಲಗಡೆಯದರ ಪೋಲಾರಿಟಿ ತಿರುಗಿಸಿದ್ದೆ. ಊರಿನ ಜಾತ್ರೆಗೆ ಹೋದಾಗ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಲ್ಲಿ ಅದೇ ಪದ ಬರುತ್ತಿತ್ತು. ಮುಮ್ಮೇಳ ಒಂದು ಸಾಲು ಹೇಳುತ್ತದೆ; ಹಿಮ್ಮೇಳದ ಜಾಗದಲ್ಲಿ ತಾಳ, ದಮ್ಮಡಿ ಮಾತ್ರ. ಮನುಷ್ಯರೇ ಇಲ್ಲ. ಹಾರ್ನ್ ಒಂದೇ ವಾಹಿನಿ. ಎಡ ಬಲ ಕೂಡಿದಾಗ ತಿರುಗಿದ್ದು ತಿರುಗದ್ದನ್ನು ನುಂಗಿ ಹಾಕಿತ್ತು. ಮೇಳದ ಹಿರಿಯರು ನನ್ನನ್ನು ಬೈಯಲಿಲ್ಲ. "ನಾವು ಹಾಡಿದ್ದು ಎಲ್ಲಿ ಹೋತು, ತಮ್ಮಾ?" ಎಂದು ಕೇಳಿದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಪಿಚ್ ಶಿಫ್ಟರಿನ ಅಗಲ ಹೀಗೆ ಮಾಯವಾಗುವುದಿಲ್ಲ. ಬರಿಯ ತಡ ಕೊಟ್ಟ ನಕಲು ಮೋನೋದಲ್ಲಿ ಕೂಡಿದಾಗ ಬಾಚಣಿಗೆಯ ಹಲ್ಲಿನಂತೆ ಕೆಲವು ಆವರ್ತನಗಳು ಸ್ಥಿರವಾಗಿ ಕತ್ತರಿಸಿಹೋಗುತ್ತವೆ. ದನಿ ಪೈಪಿನೊಳಗಿಂದ ಬಂದಂತಾಗುತ್ತದೆ. ಶ್ರುತಿಯೂ ತುಸು ಬೇರೆ ಇದ್ದರೆ ಆ ಹಲ್ಲುಗಳು ಒಂದೇ ಕಡೆ ನಿಲ್ಲುವುದಿಲ್ಲ, ಸರಿಯುತ್ತಿರುತ್ತವೆ. ಹಾಗಾಗಿ ಮೋನೋದಲ್ಲಿ ಅಗಲ ಹೋಗಿ ಸ್ವಲ್ಪ ಅಲೆ ಉಳಿಯುತ್ತದೆ, ಮನುಷ್ಯರು ಮಾತ್ರ ಉಳಿಯುತ್ತಾರೆ. ಆದರೂ ಅಲೆ ಅತಿಯಾದರೆ ಬಾವಿಯೊಳಗೆ ಹಾಡಿದಂತಾಗುತ್ತದೆ.

ಈಗ ನನ್ನ ಮೇಜಿನ ಮೇಲೆ ಒಂದೇ ಕಣ್ಣಿನ ಬ್ಲೂಟೂತ್ ಸ್ಪೀಕರ್ ಒಂದು ಕಾಯಂ ಕೂತಿದೆ. ದಿನಕ್ಕೆ ನಾಲ್ಕು ಸಲ ಮೋನೋ ಬಟನ್ ಒತ್ತಿ ಅದರಲ್ಲೇ ಕೇಳುತ್ತೇನೆ. ನಮ್ಮ ಹಾಡು ಕೊನೆಗೆ ತಲುಪುವುದು ಜಾತ್ರೆಯ ಹಾರ್ನಿಗೆ, ಹೊಲದಲ್ಲಿ ಟ್ರ್ಯಾಕ್ಟರಿನವರ ಪೆಟ್ಟಿಗೆಗೆ, ಅಡಿಗೆಮನೆಯಲ್ಲಿ ಡಬ್ಬಿಗೆ ಒರಗಿಸಿಟ್ಟ ಫೋನಿಗೆ. ಅಲ್ಲೆಲ್ಲ ಎಡಬಲವಿಲ್ಲ.

8. ಯಾವುದಕ್ಕೆ ಬೇಡ

ತಬಲಾಕ್ಕೆ ಬೇಡ. 15 ಮಿಲಿಸೆಕೆಂಡ್ ತಡದ ನಕಲು ಸೇರಿದರೆ ಒಂದು 'ನಾ' ಎರಡು ಬೆರಳಿನದಾಗುತ್ತದೆ. ಬಾರಿಸಿದವರಿಗೆ ಕೈ ಕೆಟ್ಟಿತೆ ಎಂಬ ಅನುಮಾನ. ಡಗ್ಗಾದ ಮೀಂಡ್ ಮೊದಲೇ ಶ್ರುತಿಯ ಆಟ, ಅದರ ಮೇಲೆ ನಮ್ಮ ಆಟ ಯಾಕೆ?

ಬೇಸ್ ಗಿಟಾರಿಗೆ ಬೇಡ. 55 ಹರ್ಟ್ಝ್‌ನಲ್ಲಿ 9 ಸೆಂಟಿನ ಅಲೆಗೆ ಮೂರೂವರೆ ಸೆಕೆಂಡ್ ಹಿಡಿಯುತ್ತದೆ. ಒಂದು ಬಡಿತ ಗಟ್ಟಿ, ಮುಂದಿನದು ಪೊಳ್ಳು.

ತಂಬೂರಿಗಂತೂ ಬೇಡವೇ ಬೇಡ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಹಾಕಿ ಅದು ತಂಬೂರಿಯಾಯಿತು ಎಂದುಕೊಂಡಿದ್ದ ದಿನಗಳೂ ಇದ್ದವು. ಹಾಡುವವರು ಒರಗಿ ನಿಲ್ಲುವ ಗೋಡೆ ಅದು. ಗೋಡೆ ಅಲ್ಲಾಡಬಾರದು.

ಚೆನ್ನಾಗಿ ಒಪ್ಪುವುದು: ಹಿಮ್ಮೇಳ, ಅಕೂಸ್ಟಿಕ್ ಗಿಟಾರ್, ತೆಳ್ಳನೆಯ ಕೀಬೋರ್ಡ್ ಪ್ಯಾಡ್, ಕೊಳಲಿನ ಉದ್ದ ಸ್ವರ. ಹಾರ್ಮೋನಿಯಂಗೆ ಅಷ್ಟಕ್ಕಷ್ಟೆ, ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಆ ಕೆಲಸವನ್ನು ಪೆಟ್ಟಿಗೆ ಕಟ್ಟಿದವರು ಆಗಲೇ ಮಾಡಿಟ್ಟಿರುತ್ತಾರೆ.

9. ಕೋರಸ್ ಬೇರೆ, ಇದು ಬೇರೆ

ಕೋರಸ್ ಎಫೆಕ್ಟಿನಲ್ಲಿ ಶ್ರುತಿ ತೂಗುಯ್ಯಾಲೆಯಂತೆ ಹೋಗಿ ಬರುತ್ತದೆ. ಪಿಚ್ ಶಿಫ್ಟರಿನಲ್ಲಿ ಅದು ಸರಿದು ಅಲ್ಲೇ ನಿಲ್ಲುತ್ತದೆ. ಗಮಕವಿರುವ ದನಿಗೆ ಕೋರಸ್ ಹಾಕಿದರೆ ಎರಡು ತೂಗು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ: ಒಂದು ಗಾಯಕರದು, ಒಂದು ಯಂತ್ರದ್ದು. ಸ್ಥಿರವಾಗಿ ಸರಿದ ನಕಲು ಗಮಕವನ್ನು ಹಾಗೇ ಹಿಂಬಾಲಿಸುತ್ತದೆ. ನನಗೆ ಕೋರಸ್ ಗಿಟಾರಿನವರ ಸೊತ್ತು.

10. ಮೂರು ಮಂದಿಯನ್ನು ಹತ್ತು ಮಾಡಬಹುದು, ಒಬ್ಬರನ್ನು ಹತ್ತು ಮಾಡಲಾಗದು

ಮಿಕ್ಸಿಂಗಿನವನು ಹೇಳಬಾರದ ಮಾತು ಇದು: ನಿಜವಾದ ದಪ್ಪ ಬರುವುದು ಇನ್ನೊಮ್ಮೆ ಹಾಡಿಸಿದಾಗ. ಮನುಷ್ಯ ಒಂದೇ ಸಾಲನ್ನು ಎರಡು ಸಲ ಹಾಡಿದರೆ ಶ್ರುತಿ, ಕಾಲ, ಉಸಿರು, ಸ್ವರದ ಬಣ್ಣ ಎಲ್ಲವೂ ಕ್ಷಣಕ್ಷಣಕ್ಕೂ ಬೇರೆ. ಪಿಚ್ ಶಿಫ್ಟರ್ ಎರಡನ್ನು ಮಾತ್ರ ಬದಲಿಸುತ್ತದೆ, ಅದೂ ಒಂದೇ ಹದದಲ್ಲಿ. ಎರಡೆರಡು ಸಲ ಹಾಡಿ ಬೇಸತ್ತವರಿಗಾಗಿಯೇ 1966ರಲ್ಲಿ ಅಬ್ಬೀ ರೋಡ್ ಸ್ಟುಡಿಯೊದ ಕೆನ್ ಟೌನ್ಸೆಂಡ್ ಟೇಪಿನ ವೇಗ ಅಲುಗಿಸಿ ಯಂತ್ರದಿಂದಲೇ ಜೋಡಿದನಿ ತೆಗೆದರು. ಬೀಟಲ್ಸ್ ಅದಕ್ಕೆ ಮರುಳಾದರು. ಅವರದು ಬೇಸರದಿಂದ ಹುಟ್ಟಿದ ಉಪಾಯ. ನಮ್ಮದು ಹಾಡುವವರು ಊರಿಗೆ ಮರಳುವ ಬಸ್ಸಿನ ಹೊತ್ತಿನಿಂದ.

ಬೀದರಿನ ಕಡೆಯಿಂದ ಮೂವರು ಬಂದರೆ ನಾನು ಈಗ ಮಾಡುವುದು ಹೀಗೆ. ಮೂವರನ್ನೂ ಒಂದೇ ಮೈಕಿನ ಸುತ್ತ ನಿಲ್ಲಿಸಿ ಹಿಮ್ಮೇಳವನ್ನು ಮೂರು ಸಲ ಹಾಡಿಸುತ್ತೇನೆ, ಪ್ರತಿ ಸಲ ಜಾಗ ಅದಲುಬದಲು ಮಾಡಿ. ಒಂಬತ್ತು ದನಿಯಾಯಿತು. ಈ ಮೂರು ಟೇಕುಗಳನ್ನು ಎಡ, ನಡು, ಬಲಕ್ಕೆ ಹರಡಿ, ಆಮೇಲೆ ಪಿಚ್ ಶಿಫ್ಟರಿನ ಬಸ್ಸಿಗೆ ಸ್ವಲ್ಪವೇ ಕಳಿಸುತ್ತೇನೆ, ಆರೇಳು ಸೆಂಟಿನಲ್ಲಿ. ಆಗ ಅದು ನೀರಿನಲ್ಲಿ ಬೆಲ್ಲದಂತೆ ಕರಗುತ್ತದೆ. ಒಬ್ಬರ ಒಂದೇ ಟೇಕಿಗೆ ಅದನ್ನೇ ಹೆಚ್ಚು ಹಾಕಿದರೆ ಹತ್ತು ಜನ ಬರುವುದಿಲ್ಲ, ಒಬ್ಬರೇ ಕನ್ನಡಿಗಳ ಅಂಗಡಿಯಲ್ಲಿ ನಿಂತಂತಾಗುತ್ತದೆ.

11. ದೊಡ್ಡ ಜಿಗಿತಕ್ಕೆ ಬೇರೆ ವಿದ್ಯೆ

"ಗಂಡಸಿನ ದನಿಯನ್ನು ಹೆಂಗಸಿನದು ಮಾಡ್ರಿ" ಎಂದು ಕೇಳಿದವರಿದ್ದಾರೆ. ಸುಮ್ಮನೆ ಏರಿಸಿದರೆ ಶ್ರುತಿಯ ಜೊತೆ ಬಾಯಿ-ಗಂಟಲಿನ ಅನುರಣನವೂ ಏರಿಹೋಗಿ ಅಳಿಲು ಮಾತಾಡಿದಂತೆ ಕೇಳುತ್ತದೆ. ಕೆಲವೇ ಸೆಂಟ್ ಸರಿಸಿದಾಗ ಈ ತೊಂದರೆ ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚು ಸರಿಸಬೇಕಾದರೆ ಗಂಟಲಿನ ಪರದೆ ಮುಚ್ಚುವ ಕ್ಷಣಗಳನ್ನು ಹುಡುಕಿ, ಅವುಗಳ ನಡುವಿನ ಅಂತರವನ್ನು ಮಾತ್ರ ಬದಲಿಸಬೇಕು, ಬಾಯಿಯ ಆಕಾರವನ್ನು ಹಾಗೇ ಬಿಡಬೇಕು. ಈ ವಿದ್ಯೆಯಲ್ಲಿ ಪಳಗಿದವರು ನಮ್ಮ ಗಚ್ಚಿಬೌಲಿಯಲ್ಲೇ ಇದ್ದರು ಎಂಬುದು ನನಗೆ ತಡವಾಗಿ ತಿಳಿಯಿತು. ಐಐಐಟಿ ಹೈದರಾಬಾದಿನಲ್ಲಿದ್ದ ಪ್ರೊ. ಬಿ. ಯಜ್ಞನಾರಾಯಣ ಅವರು ಕೆ. ಶ್ರೀನಿವಾಸ ರಾವ್ ಅವರೊಡನೆ 2006ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಕುರಿತದ್ದು. 2008ರಲ್ಲಿ ಕೆ. ಶ್ರೀರಾಮಮೂರ್ತಿ ಅವರೊಡನೆ ಆ ಕ್ಷಣಗಳನ್ನು ಹುಡುಕುವ ದಾರಿಯೊಂದನ್ನು ತೋರಿಸಿದರು: ದನಿಯಲ್ಲಿ ಶೂನ್ಯ ಆವರ್ತನದ ಬಳಿ ಏನಿದೆ ಎಂದು ನೋಡುವುದು. ನಾನು ನಿತ್ಯ ಆ ಸಂಸ್ಥೆಯ ಗೇಟಿನ ಮುಂದೆ ಚಹಾ ಕುಡಿಯುತ್ತಿದ್ದೆ, ಒಳಗೆ ನನ್ನ ಹೊಟ್ಟೆಪಾಡಿನ ಗಣಿತ ನಡೆದಿದೆ ಎಂದು ತಿಳಿಯದೆ.

12. ಅಗಲ ಬೇಕೆಂದರೆ ಮೊದಲು ಇಕ್ಕಟ್ಟು ಮಾಡಿ

ಪಲ್ಲವಿಗೆ ಮಾತ್ರ ಸೆಂಡ್ ಏರಿಸಿ. ಚರಣದಲ್ಲಿ ದನಿ ಒಂಟಿಯಾಗಿ, ನಡುವಿನಲ್ಲಿ ಇರಲಿ. ಮೊದಲಿನಿಂದ ಕೊನೆಯ ತನಕ ಅಗಲವಾಗಿದ್ದರೆ ಅರ್ಧ ನಿಮಿಷದಲ್ಲಿ ಕಿವಿ ಅದನ್ನು ಮರೆತುಬಿಡುತ್ತದೆ.

13. ಮ್ಯೂಟ್ ಮಾಡಿದಾಗ ಗೊತ್ತಾಗಬೇಕು, ಇದ್ದಾಗ ಗೊತ್ತಾಗಬಾರದು

ನಕಲಿನ ಫೇಡರನ್ನು ಅದು ಕೇಳಿಸುವ ತನಕ ಏರಿಸಿ, ಆಮೇಲೆ ಮೂರು ಡಿಬಿ ಇಳಿಸಿ. ಇದು ನನ್ನ ನಿಯಮ, ಇದನ್ನೂ ಒಬ್ಬರು ತಿದ್ದಿದರು.

ಕಳೆದ ಚಳಿಗಾಲದಲ್ಲಿ ಕಲಬುರಗಿ ಕಡೆಯ ಯಜ್ಜ ಒಬ್ಬರು ಏಕತಾರಿ ಹಿಡಿದು ಬಂದಿದ್ದರು, ಮೊಮ್ಮಗ ಇಲ್ಲಿ ಕೆಲಸದಲ್ಲಿದ್ದಾನೆ. ರಾತ್ರಿ ಎರಡರ ತನಕ ಹಾಡಿದರು. ಮರುದಿನ ಮಿಕ್ಸ್ ಕೇಳಿಸಿದೆ, ದೊಡ್ಡ ಸ್ಪೀಕರಿನಲ್ಲಲ್ಲ, ಅವರ ಮೊಮ್ಮಗನ ಫೋನಿನಲ್ಲಿ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ತಮ್ಮಾ, ನನ್ನ ಹಿಂದ ಯಾರೋ ಕುಂತಾರಲ್ಲ, ಯಾರವರು?"

"ಯಾರೂ ಇಲ್ಲ ಯಜ್ಜಾ. ನೀವೇ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಅವಗ ಇನ್ನೊಂದೀಟು ಹಿಂದಕ್ಕ ಸರದು ಕುಂದ್ರಂತ ಹೇಳು," ಎಂದರು.

ಎರಡು ಡಿಬಿ ಇಳಿಸಿದೆ.